ನಮ್ಮೂರಿಗೆ ವಿಮಾನ ಬೇಕು: ಸರ್ಕಾರದಿಂದ ಯಾವ ಬಗೆಯ ನೆರವು ಕೇಳೋಣ?

ಬೆಂಗಳೂರಿನಲ್ಲಿ ನೆಲೆಸಿರುವ ಬೀದರಿನವರು, ಕಲಬುರಗಿಯವರು, ಬಳ್ಳಾರಿಯವರು, ಮಲೆನಾಡಿನವರು ತಮ್ಮ ತಮ್ಮ ಊರಿನ ಸಂಘ ಕಟ್ಟಿಕೊಂಡಿದ್ದಾರೆ. ಈ ಸಂಘಗಳು ಮಂತ್ರಿಗಳಿಗೆ ಕೊಡುವ ಮನವಿಯಲ್ಲಿ ಈಚೆಗೆ ಒಂದು ಸಾಲು ಕಾಯಂ ಆಗಿದೆ: ನಮ್ಮೂರಿಗೆ ವಿಮಾನ ಬಿಡಿ. ಬಸ್ಸು ಬಿಡಿ ಅಂತ ಕೇಳಿದ ಹಾಗೆಯೇ. ಬಸ್ಸಿಗಾದರೆ ಸಾರಿಗೆ ನಿಗಮ ಇದೆ. ವಿಮಾನಕ್ಕೆ ಯಾರಿದ್ದಾರೆ? ಏರ್ ಇಂಡಿಯಾ 2022ರಲ್ಲಿ ಟಾಟಾ ಕೈಗೆ ಹೋಯಿತು. ಕೇಂದ್ರದ ಬಳಿ ಉಳಿದದ್ದು ಅಲಯನ್ಸ್ ಏರ್ ಎಂಬ ಚಿಕ್ಕ ಕಂಪನಿ. ಮಿಕ್ಕವರೆಲ್ಲ ಖಾಸಗಿಯವರು. ದುಡ್ಡು ಹುಟ್ಟದ ಕಡೆಗೆ ಅವರು ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ.

ಹಾಗಾಗಿ ಸರ್ಕಾರ ಕೊಡಬಹುದಾದದ್ದು ವಿಮಾನವಲ್ಲ, ಹಣ. ಆ ಹಣವನ್ನು ಯಾವ ರೂಪದಲ್ಲಿ ಕೇಳಬೇಕು ಅನ್ನುವುದೇ ಈ ಬರಹದ ವಿಷಯ. ರೂಪ ತಪ್ಪಿದರೆ ಕೋಟಿಗಟ್ಟಲೆ ಖರ್ಚಾಗಿ, ಉದ್ಘಾಟನೆಯ ಫೋಟೋ ಮಾತ್ರ ಉಳಿಯುತ್ತದೆ. ನಮ್ಮಲ್ಲಿ ಚಿಕ್ಕ ಊರುಗಳಿಗೆ ವಿಮಾನ ಬಿಡಿಸಲು ಕೇಂದ್ರ ತಂದ ಉಡಾನ್ ಯೋಜನೆ ಇದೆ. ಹೊರದೇಶಗಳಲ್ಲಿ ಬೇರೆ ಬೇರೆ ಪದ್ಧತಿಗಳಿವೆ. ಎಲ್ಲವನ್ನೂ ಮೂರು ಪ್ರಶ್ನೆ ಇಟ್ಟುಕೊಂಡು ನೋಡಬಹುದು. ಸೀಟು ಖಾಲಿ ಹೋದರೆ ನಷ್ಟ ಯಾರ ತಲೆಗೆ? ನೆರವು ಬೇಕು ಅಂತ ಅರ್ಜಿ ಹಾಕುವವರು ಯಾರು? ಹಣ ನಿಂತ ಮಾರನೇ ದಿನ ಏನಾಗುತ್ತದೆ? ನನ್ನ ಮಟ್ಟಿಗೆ ಮೂರನೆಯದೇ ದೊಡ್ಡ ಪ್ರಶ್ನೆ. ಮನವಿಗಳಲ್ಲಿ ಅದೊಂದೇ ಇರುವುದಿಲ್ಲ.

ಉಡಾನ್: ಮೂರು ವರ್ಷದ ಕೈಹಿಡಿತ

ಉಡಾನ್ ಯೋಜನೆ ಶುರುವಾದದ್ದು 2016ರ ಅಕ್ಟೋಬರ್‌ನಲ್ಲಿ. ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ಲೆಕ್ಕ ಹೀಗಿದೆ: ವಿಮಾನದ ಅರ್ಧದಷ್ಟು ಸೀಟುಗಳನ್ನು ಕಡಿಮೆ ದರಕ್ಕೆ ಮಾರಬೇಕು. ಶುರುವಿನಲ್ಲಿ ಒಂದು ಗಂಟೆಯ ಹಾರಾಟಕ್ಕೆ ಸುಮಾರು 2,500 ರೂಪಾಯಿ ಅಂತ ಮಿತಿ ಹಾಕಿದ್ದರು. ಹಾಗೆ ಮಾರಿದ್ದರಿಂದ ಆಗುವ ಕೊರತೆಯನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತದೆ. ಅದರಲ್ಲಿ ನೂರಕ್ಕೆ 80 ಪಾಲು ಕೇಂದ್ರದ್ದು, 20 ಪಾಲು ರಾಜ್ಯದ್ದು. ಈಶಾನ್ಯ ರಾಜ್ಯಗಳಿಗೆ 90 ಮತ್ತು 10. ಯಾವ ಕಂಪನಿ ಕಡಿಮೆ ಹಣ ಸಾಕು ಅನ್ನುತ್ತದೋ ಅದಕ್ಕೆ ಮಾರ್ಗ ಸಿಗುತ್ತದೆ. ಕೇಂದ್ರದ ಪಾಲಿನ ಹಣ ದೊಡ್ಡ ಮಾರ್ಗಗಳ ವಿಮಾನಗಳ ಮೇಲೆ ಹಾಕಿದ ಸುಂಕದಿಂದ ಬರುತ್ತದೆ. ಅಂದರೆ ದೇವನಹಳ್ಳಿಯಿಂದ ದೆಹಲಿಗೆ ಹಾರುವವರ ಟಿಕೆಟ್ಟಿನಿಂದಲೇ ಒಂದಿಷ್ಟು ಬೀದರಿಗೆ ಹೋಗುತ್ತದೆ. ನನಗೆ ಇದು ಸರಿ ಅನ್ನಿಸುತ್ತದೆ.

ರಾಜ್ಯ ಸರ್ಕಾರ 20 ಪಾಲು ಕೊಟ್ಟು ಸುಮ್ಮನಿರುವಂತಿಲ್ಲ. ಉಡಾನ್ ನಿಲ್ದಾಣದಲ್ಲಿ ತುಂಬಿಸುವ ಇಂಧನದ ಮೇಲಿನ ವ್ಯಾಟ್ ತೆರಿಗೆಯನ್ನು ನೂರಕ್ಕೆ 1ಕ್ಕೆ ಇಳಿಸಬೇಕು. ಪೊಲೀಸ್ ಕಾವಲು, ಅಗ್ನಿಶಾಮಕ ಸೇವೆಗಳನ್ನು ಬಿಟ್ಟಿ ಕೊಡಬೇಕು. ನೀರು, ಕರೆಂಟು ರಿಯಾಯಿತಿಯಲ್ಲಿ ಕೊಡಬೇಕು.

ಯೋಜನೆಯ ಒಳ್ಳೆಯ ಗುಣ ಏನೆಂದರೆ ಊರಿನವರ ಜೇಬಿಗೆ ಕೈ ಬೀಳುವುದಿಲ್ಲ. ಕೆಟ್ಟ ಗುಣವೂ ಅದೇ. ಪ್ರಸ್ತಾವ ಇಡುವುದು ವಿಮಾನ ಕಂಪನಿ. ನಿಮ್ಮೂರಿನ ವಾಣಿಜ್ಯ ಸಂಘಕ್ಕೆ ಅಲ್ಲಿ ಕುರ್ಚಿ ಇಲ್ಲ. ಯಾವ ಊರಿಗೆ, ಎಷ್ಟು ಹೊತ್ತಿಗೆ, ವಾರಕ್ಕೆ ಎಷ್ಟು ದಿನ ಅನ್ನುವುದನ್ನೆಲ್ಲ ಕಂಪನಿ ತನ್ನ ಅನುಕೂಲಕ್ಕೆ ನೋಡುತ್ತದೆ. ಮಧ್ಯಾಹ್ನ ಎರಡಕ್ಕೆ ಒಂದು ವಿಮಾನ ಬಂದರೆ ಬೆಂಗಳೂರಿನಲ್ಲಿ ಹೈಕೋರ್ಟಿನ ಕೆಲಸ ಇರುವ ವಕೀಲರಿಗೆ, ಆಸ್ಪತ್ರೆಗೆ ಬರುವ ರೋಗಿಗೆ ಏನು ಉಪಯೋಗ? ಬೆಳಿಗ್ಗೆ ಬಂದು ಸಂಜೆ ಮರಳುವಂತಿದ್ದರೆ ತಾನೇ ರಾತ್ರಿ ರೈಲು ಬಿಟ್ಟು ಜನ ವಿಮಾನ ಹತ್ತುವುದು?

ಮಾರನೇ ದಿನದ ಪ್ರಶ್ನೆಗೆ ಉತ್ತರ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯಲ್ಲಿದೆ. 2023ರಲ್ಲಿ ಬಂದ ಆ ವರದಿ ಉಡಾನ್‌ನ ಮೊದಲ ಮೂರು ಸುತ್ತುಗಳನ್ನು ನೋಡಿತು. ಹಂಚಿದ 774 ಮಾರ್ಗಗಳಲ್ಲಿ 403 ಮಾರ್ಗಗಳಲ್ಲಿ ವಿಮಾನ ಹಾರಲೇ ಇಲ್ಲ. ಹಾರಿದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ನೆರವು ಮುಗಿದ ಮೇಲೂ 2023ರ ಮಾರ್ಚ್‌ವರೆಗೆ ನಡೆದದ್ದು ಬರೀ 54. ಮೊದಲ ಸುತ್ತಿನಲ್ಲಿ ಕೊಟ್ಟ 128 ಮಾರ್ಗಗಳಲ್ಲಿ 84 ಮಾರ್ಗಗಳು ಏರ್ ಒಡಿಶಾ ಮತ್ತು ಏರ್ ಡೆಕ್ಕನ್ ಎಂಬ ಎರಡೇ ಕಂಪನಿಗಳಿಗೆ ಹೋಗಿದ್ದವು. ಎರಡೂ ನೆಲ ಕಚ್ಚಿದವು. ಇಷ್ಟಾದರೂ ಯೋಜನೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. 2025ರ ಕೇಂದ್ರ ಬಜೆಟ್ಟಿನಲ್ಲಿ ಹೇಳಿದಂತೆ ಅಲ್ಲಿಯವರೆಗೆ 88 ನಿಲ್ದಾಣ, 619 ಮಾರ್ಗ ಜೋಡಣೆಯಾಗಿ ಒಂದೂವರೆ ಕೋಟಿ ಜನ ಓಡಾಡಿದ್ದಾರೆ. ಮುಂದಿನ ಹತ್ತು ವರ್ಷಕ್ಕೆ 120 ಹೊಸ ಊರುಗಳ ಗುರಿಯೂ ಇದೆ. ಶುರು ಮಾಡಿಸಲು ಉಡಾನ್ ಸಾಕು, ಉಳಿಸಿಕೊಳ್ಳಲು ಸಾಲದು.

ಬೀದರನ್ನೇ ನೋಡಿ. 2020ರ ಫೆಬ್ರವರಿಯಲ್ಲಿ ಟ್ರೂಜೆಟ್ ಬಂತು. ಆ ಕಂಪನಿ 2022ರಲ್ಲಿ ಹಾರಾಟವನ್ನೇ ನಿಲ್ಲಿಸಿತು. ಆಮೇಲೆ ಸ್ಟಾರ್ ಏರ್ ಬಂತು, ಅದೂ ನಿಂತಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು. ಈ ಸಲ ಕೊರತೆ ತುಂಬಲು ರಾಜ್ಯ ಸರ್ಕಾರವೇ ಮುಂದೆ ಬಂತು. ಸುಮಾರು 700 ಕಿಲೋಮೀಟರ್ ದೂರದ ಊರಿದು. ಬೆಂಗಳೂರಿಗೆ ಬರಲು ರೈಲಿನಲ್ಲಿ ಒಂದು ರಾತ್ರಿ ಪೂರ್ತಿ ಬೇಕು. ಇಂಥ ಊರಿಗೇ ಹೀಗಾದರೆ ಬೇರೆಯವರ ಕಥೆ ಏನು?

ಆದಾಯದ ಗ್ಯಾರಂಟಿ: ಊರೇ ಅರ್ಜಿ ಹಾಕುವುದು

ಅಮೆರಿಕದಲ್ಲಿ ಚಿಕ್ಕ ಊರುಗಳಿಗೆ ಎರಡು ಬಗೆಯ ನೆರವು ಇದೆ. ನಮ್ಮವರು ಕಲಿಯಬೇಕಾದದ್ದು ಜಾಸ್ತಿ ಇರುವುದು ಅದರಲ್ಲಿ ಚಿಕ್ಕದರಿಂದ. ಸ್ಮಾಲ್ ಕಮ್ಯುನಿಟಿ ಏರ್ ಸರ್ವಿಸ್ ಡೆವಲಪ್‌ಮೆಂಟ್ ಪ್ರೋಗ್ರಾಂ ಅಂತ ಅದರ ಹೆಸರು. 2000ದ ಕಾನೂನಿನಲ್ಲಿ ಹುಟ್ಟಿದ್ದು. ಇಲ್ಲಿ ಅರ್ಜಿ ಹಾಕುವುದು ವಿಮಾನ ಕಂಪನಿಯಲ್ಲ, ಊರು. ನಗರಸಭೆ, ವಿಮಾನ ನಿಲ್ದಾಣ, ವಾಣಿಜ್ಯ ಸಂಘ ಸೇರಿ ಒಂದು ಯೋಜನೆ ಬರೆಯುತ್ತವೆ: ನಮಗೆ ಇಂಥ ಊರಿಗೆ ವಿಮಾನ ಬೇಕು, ಇಷ್ಟು ಜನ ಹೋಗುತ್ತಾರೆ, ನಮ್ಮ ಪಾಲಿನ ಹಣ ಇಷ್ಟು. ಊರು ತನ್ನ ಕೈಯಿಂದಲೂ ಹಾಕಿದರೆ ಅರ್ಜಿಗೆ ತೂಕ ಜಾಸ್ತಿ. ವರ್ಷಕ್ಕೆ 40ಕ್ಕಿಂತ ಜಾಸ್ತಿ ಊರುಗಳಿಗೆ ಕೊಡುವಂತಿಲ್ಲ, ಒಂದು ರಾಜ್ಯಕ್ಕೆ ನಾಲ್ಕಕ್ಕಿಂತ ಜಾಸ್ತಿ ಇಲ್ಲ.

ಬಂದ ಹಣವನ್ನು ಪ್ರಚಾರಕ್ಕೆ, ನಿಲ್ದಾಣದ ಶುಲ್ಕ ಮನ್ನಾಕ್ಕೆ, ಅಧ್ಯಯನಕ್ಕೆ ಬಳಸಬಹುದು. ಆದರೆ ಅದರ ಮುಖ್ಯ ಉಪಯೋಗ ಆದಾಯದ ಗ್ಯಾರಂಟಿ, ಅಂದರೆ ಟಿಕೆಟ್ ಹಣ ಹಾರಾಟದ ಖರ್ಚಿಗೆ ಸಾಲದಿದ್ದರೆ ಆ ಕೊರತೆಯನ್ನು ಊರಿನ ನಿಧಿಯಿಂದ ಕಂಪನಿಗೆ ತುಂಬಿಕೊಡುವುದು. ಊಹೆಯ ಅಂಕಿಗಳಿಂದ ಒಂದು ಲೆಕ್ಕ ಹಾಕೋಣ. ಒಂದು ಹಾರಾಟದ ಖರ್ಚು 2,40,000 ರೂಪಾಯಿ ಅಂತಿಟ್ಟುಕೊಳ್ಳಿ. ಟಿಕೆಟ್ ಸರಾಸರಿ 4,000. 60 ಸೀಟು ತುಂಬಿದರೆ ಖರ್ಚಿಗೆ ಸರಿಹೋಯಿತು, ಊರು ಒಂದು ಪೈಸೆ ಕೊಡಬೇಕಿಲ್ಲ. 45 ಸೀಟು ತುಂಬಿದರೆ ಕೊರತೆ 60,000. ದಿನಕ್ಕೆ ಹೋಗಿ ಬರುವ ಎರಡು ಹಾರಾಟ ಅಂದರೆ ತಿಂಗಳಿಗೆ 36 ಲಕ್ಷ. ನಾಲ್ಕು ಕೋಟಿಯ ನಿಧಿ ಹನ್ನೊಂದು ತಿಂಗಳಲ್ಲಿ ಖಾಲಿ. ಅದೇ 55 ಸೀಟು ತುಂಬಿಸಿದರೆ ಕೊರತೆ ತಿಂಗಳಿಗೆ 12 ಲಕ್ಷ ಮಾತ್ರ, ಅದೇ ನಿಧಿ ಎರಡೂವರೆ ವರ್ಷ ದಾಟುತ್ತದೆ. ಹತ್ತು ಸೀಟಿನ ವ್ಯತ್ಯಾಸ ಅಷ್ಟು ದೊಡ್ಡದು.

ಇಲ್ಲಿಯೇ ಉಡಾನ್‌ಗೂ ಇದಕ್ಕೂ ಇರುವ ಅಂತರ. ಉಡಾನ್‌ನಲ್ಲಿ ಹಣ ಬರುವುದು ರಿಯಾಯಿತಿ ಸೀಟುಗಳ ಲೆಕ್ಕದ ಮೇಲೆ. ಗ್ಯಾರಂಟಿಯಲ್ಲಿ ಪ್ರತಿ ಖಾಲಿ ಸೀಟೂ ಊರಿನ ದುಡ್ಡು ತಿನ್ನುತ್ತದೆ. ಹಾಗಾಗಿ ಊರಿನವರಿಗೆ ಸೀಟು ತುಂಬಿಸುವ ಚಿಂತೆ ಹತ್ತುತ್ತದೆ. ಸಕ್ಕರೆ ಕಾರ್ಖಾನೆಯವರು, ಕಾಲೇಜಿನವರು, ಆಸ್ಪತ್ರೆಯವರು ತಮ್ಮ ಜನರನ್ನು ಇದೇ ವಿಮಾನದಲ್ಲಿ ಕಳಿಸುತ್ತೇವೆ ಅಂತ ಮೊದಲೇ ಟಿಕೆಟ್ ಹಣ ಕಟ್ಟಿಡುವ ಪದ್ಧತಿಯೂ ಅಮೆರಿಕದ ಊರುಗಳಲ್ಲಿದೆ. ಮನವಿ ಪತ್ರಕ್ಕಿಂತ ಆ ಚೆಕ್ಕು ಕಂಪನಿಯವರ ಕಣ್ಣಿಗೆ ಬೇಗ ಬೀಳುತ್ತದೆ.

ಕ್ಯಾನ್ಸಸ್ ರಾಜ್ಯದ ವಿಚಿಟಾ ಇದಕ್ಕೆ ಒಳ್ಳೆಯ ಉದಾಹರಣೆ. ಜನಸಂಖ್ಯೆಯಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡಕ್ಕಿಂತ ಚಿಕ್ಕ ಊರು. ಟಿಕೆಟ್ ದರ ವಿಪರೀತ ಅಂತ 2002ರಲ್ಲಿ ಏರ್‌ಟ್ರಾನ್ ಎಂಬ ಅಗ್ಗದ ಕಂಪನಿಗೆ ಆದಾಯದ ಗ್ಯಾರಂಟಿ ಕೊಟ್ಟು ಕರೆಸಿಕೊಂಡರು. ಅದರ ಜೊತೆ ಪೈಪೋಟಿಗೆ ಉಳಿದ ಕಂಪನಿಗಳೂ ದರ ಇಳಿಸಿದವು. ಮುಂದೆ ರಾಜ್ಯ ಸರ್ಕಾರವೂ ವರ್ಷಕ್ಕೆ 50 ಲಕ್ಷ ಡಾಲರ್ ಸೇರಿಸಿತು. 2011ರಲ್ಲಿ ಏರ್‌ಟ್ರಾನನ್ನು ಸೌತ್‌ವೆಸ್ಟ್ ಕೊಂಡುಕೊಂಡಿತು. 2013ರಲ್ಲಿ ಸೌತ್‌ವೆಸ್ಟ್ ತಾನೇ ಆ ಊರಿಗೆ ಬಂತು. ಗಮನಿಸಿ, ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಒಂದು ವರ್ಷದ ಗ್ಯಾರಂಟಿ ಕೊಟ್ಟು ಪವಾಡ ಕಾಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಕೈ ಸುಟ್ಟುಕೊಂಡವರೂ ಇದ್ದಾರೆ. ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್ ನಿಲ್ದಾಣದವರು ಪೀಪಲ್ ಎಕ್ಸ್‌ಪ್ರೆಸ್ ಎಂಬ ಹೊಸ ಕಂಪನಿಯ ಬ್ಯಾಂಕ್ ಸಾಲಕ್ಕೆ ಸಾರ್ವಜನಿಕ ಹಣ ಇಟ್ಟು ಜಾಮೀನು ನಿಂತರು. ಕಂಪನಿ 2014ರ ಜೂನ್‌ನಲ್ಲಿ ಹಾರಾಟ ಶುರು ಮಾಡಿ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿತು. ಸುಮಾರು 45 ಲಕ್ಷ ಡಾಲರ್ ನಿಲ್ದಾಣದ ತಲೆಗೆ ಬಂತು. ಗ್ಯಾರಂಟಿಯಲ್ಲಿ ಹಾರಿದ ಮೇಲೆ ತಿಂಗಳ ಲೆಕ್ಕ ನೋಡಿ ಕೊಡುತ್ತೀರಿ, ಅದಕ್ಕೆ ಮೇಲ್ಮಿತಿ ಇರುತ್ತದೆ. ಸಾಲದ ಜಾಮೀನಿನಲ್ಲಿ ಹಾರುವ ಮೊದಲೇ ಕುತ್ತಿಗೆ ಕೊಟ್ಟಿರುತ್ತೀರಿ. ಯಾರಾದರೂ ನಿಮ್ಮ ಸಂಘದ ಮುಂದೆ ಅಥವಾ ಜಿಲ್ಲಾಡಳಿತದ ಮುಂದೆ ಇಂಥ ಪ್ರಸ್ತಾವ ತಂದರೆ ಕಾಫಿ ಕೊಟ್ಟು ಕಳಿಸಿಬಿಡಿ.

ದೀರ್ಘ ಗುತ್ತಿಗೆ: ಲಾಭದ ಮಾತೇ ಬೇಡ ಅನ್ನುವವರಿಗೆ

ಅಮೆರಿಕದ ಇನ್ನೊಂದು ಯೋಜನೆ ಎಸೆನ್ಷಿಯಲ್ ಏರ್ ಸರ್ವಿಸ್. 1978ರಲ್ಲಿ ಅಲ್ಲಿನ ಸರ್ಕಾರ ವಿಮಾನ ಕಂಪನಿಗಳ ಮೇಲಿನ ಹಿಡಿತ ಬಿಟ್ಟಾಗ ಚಿಕ್ಕ ಊರುಗಳು ಅನಾಥವಾಗಬಾರದು ಅಂತ ತಂದದ್ದು. ಹತ್ತು ವರ್ಷಕ್ಕೆ ಅಂತ ಶುರುವಾಗಿ, ಮತ್ತೆ ಹತ್ತು ವರ್ಷ ಬೆಳೆದು, 1996ರಲ್ಲಿ ಕಾಯಂ ಆಯಿತು. ಇದರಲ್ಲಿ ಕಂಪನಿಗಳು ಟೆಂಡರ್ ಹಾಕುತ್ತವೆ, ಊರಿನವರ ಅಭಿಪ್ರಾಯ ಕೇಳುತ್ತಾರೆ, ಗೆದ್ದವರು ಗುತ್ತಿಗೆಯ ಪ್ರಕಾರ ದಿನಾ ಹಾರಬೇಕು. ಆದರೆ ಊರು ದೊಡ್ಡ ನಿಲ್ದಾಣಕ್ಕೆ ಹತ್ತಿರವಿದ್ದರೆ ಒಬ್ಬ ಪ್ರಯಾಣಿಕನಿಗೆ ಇಂತಿಷ್ಟಕ್ಕಿಂತ ಜಾಸ್ತಿ ನೆರವು ಕೊಡುವಂತಿಲ್ಲ ಅಂತ ಮಿತಿ ಇದೆ. ಅಂದರೆ ದೂರದ ಊರಿಗೆ ಕೈ ಬಿಚ್ಚಿ ಕೊಡು, ಹತ್ತಿರದವರು ರಸ್ತೆಯಲ್ಲಿ ಹೋಗಲಿ. ಯುರೋಪಿನಲ್ಲೂ ಸರ್ಕಾರ ಹೀಗೆಯೇ ದ್ವೀಪಗಳಿಗೆ, ಗುಡ್ಡಗಾಡಿಗೆ ನಾಲ್ಕು ವರ್ಷದವರೆಗಿನ ಗುತ್ತಿಗೆ ಕೊಡುತ್ತದೆ.

ಅಲಾಸ್ಕಾದ ಹಳ್ಳಿಗೋ ಸ್ಕಾಟ್ಲೆಂಡಿನ ದ್ವೀಪಕ್ಕೋ ಇದು ಬೇಕೇ ಬೇಕು, ರಸ್ತೆಯೇ ಇಲ್ಲವಲ್ಲ. ಕರ್ನಾಟಕದಲ್ಲಿ ಅಂಥ ಊರು ಯಾವುದಿದೆ? ನನಗಂತೂ ಕಾಣುವುದಿಲ್ಲ. ಕಲ್ಯಾಣ ಕರ್ನಾಟಕದ ಮೂಲೆಯಲ್ಲಿರುವ ಬೀದರ್ ಒಂದೇ ಸ್ವಲ್ಪ ಹತ್ತಿರ ಬರುತ್ತದೆ.

ಪ್ರಯಾಣಿಕರಿಗೇ ರಿಯಾಯಿತಿ

ಕಂಪನಿಗೆ ಯಾಕೆ ಕೊಡಬೇಕು, ಊರಿನವರಿಗೇ ಟಿಕೆಟ್ಟಿನಲ್ಲಿ ಕಡಿತ ಕೊಡಿ ಅನ್ನುವವರಿದ್ದಾರೆ. ಸ್ಕಾಟ್ಲೆಂಡಿನ ದ್ವೀಪದವರಿಗೆ ಮೂಲ ದರದಲ್ಲಿ ಅರ್ಧ ಕಡಿತ ಇದೆ. ಸ್ಪೇನ್ ತನ್ನ ಕ್ಯಾನರಿ, ಬಲಿಯಾರಿಕ್ ದ್ವೀಪವಾಸಿಗಳಿಗೆ ನೂರಕ್ಕೆ 75ರಷ್ಟು ಕೊಡುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಕಡಿತ ಬಂದ ಮೇಲೆ ಕಂಪನಿ ಮೂಲ ದರವನ್ನೇ ಏರಿಸುವುದನ್ನು ತಡೆಯುವವರು ಯಾರು? ಒಂದೇ ಕಂಪನಿ ಹಾರುವ ಕಡೆ ಇದು ಖಂಡಿತ ಎಡವಟ್ಟು. ಜೊತೆಗೆ ವಿಮಾನವೇ ಇಲ್ಲದ ಊರಿಗೆ ಟಿಕೆಟ್ ರಿಯಾಯಿತಿ ಕೊಟ್ಟು ಏನು ಮಾಡುವುದು?

ತೆರಿಗೆ, ಶುಲ್ಕ ಇಳಿಸುವುದು

ವಿಮಾನ ಓಡಿಸುವ ಖರ್ಚಿನಲ್ಲಿ ಇಂಧನದ್ದೇ ದೊಡ್ಡ ಪಾಲು. ಅದು ಜಿಎಸ್‌ಟಿಯೊಳಗೆ ಬಂದಿಲ್ಲ, ವ್ಯಾಟ್ ರಾಜ್ಯದ ಕೈಯಲ್ಲೇ ಇದೆ. ಚಿಕ್ಕ ನಿಲ್ದಾಣದಲ್ಲಿ ಅದನ್ನು ಇಳಿಸಿದರೆ ಖಜಾನೆಗೆ ಆಗುವ ನಷ್ಟ ಅಲ್ಪ, ಯಾಕೆಂದರೆ ಅಲ್ಲಿ ಮಾರಾಟವೇ ಕಡಿಮೆ. ಕೊಡಲು ಸುಲಭ, ನಿಲ್ಲಿಸುವ ದಿನಾಂಕವೂ ಬೇಕಿಲ್ಲ. ಇದೊಂದರಿಂದಲೇ ಹೊಸ ವಿಮಾನ ಬರುವುದಿಲ್ಲ ಅನ್ನುವುದೂ ನಿಜ. ಬೇಳೆ ಸಾರಿಗೆ ಹಾಕುವ ಒಗ್ಗರಣೆ ಇದ್ದ ಹಾಗೆ ಇದು. ಬೇಳೆ ಬೇರೆ ಕಡೆಯಿಂದ ಬರಬೇಕು.

ಯಾವ ಊರಿಗೆ ಯಾವುದು?

ಮೊದಲು ನಿಮ್ಮೂರಿಂದ ಬೆಂಗಳೂರಿಗೆ ನೆಲದ ಮೇಲೆ ಎಷ್ಟು ಗಂಟೆ ಅಂತ ನೋಡಿ. ಜಯನಗರದವರಿಗೆ ದೇವನಹಳ್ಳಿ ಮುಟ್ಟಲೇ ಒಂದೂವರೆ ಗಂಟೆ, ಟ್ರಾಫಿಕ್ ಕೆಟ್ಟರೆ ಎರಡು. ಅಲ್ಲಿ ಒಂದು ಗಂಟೆ ಕಾಯಬೇಕು, ಒಂದು ಗಂಟೆ ಹಾರಾಟ, ಆಮೇಲೆ ನಿಮ್ಮೂರ ನಿಲ್ದಾಣದಿಂದ ಮನೆಗೆ. ಒಟ್ಟು ನಾಲ್ಕೂವರೆ, ಐದು ಗಂಟೆ. ರೈಲು ಅಷ್ಟರಲ್ಲೇ ಮುಟ್ಟಿಸುವುದಾದರೆ ಬೆಂಗಳೂರು ವಿಮಾನಕ್ಕೆ ನೆರವು ಕೇಳುವುದು ಸುಮ್ನೆ ಹಣ ಹಾಳು.

ಮೈಸೂರು ಇದಕ್ಕೆ ಪಾಠ. 2019ರಲ್ಲಿ ಉಡಾನ್ ಅಡಿ ಬೆಂಗಳೂರಿಗೆ ಅಲಯನ್ಸ್ ಏರ್ ಶುರುವಾಯಿತು, ಉಳಿಯಲಿಲ್ಲ. 2023ರಲ್ಲಿ ಹೆದ್ದಾರಿಯೂ ಬಂತು. ಮೈಸೂರಿನವರು ಕೇಳಬೇಕಾದದ್ದು ಚೆನ್ನೈ, ಹೈದರಾಬಾದ್, ಮುಂಬೈ. ಬೆಂಗಳೂರು ಅಲ್ಲ.

ಶಿವಮೊಗ್ಗದ ವಿಷಯದಲ್ಲಿ ನನ್ನ ಮಾತು ಮಲೆನಾಡಿನ ಗೆಳೆಯರಿಗೆ ಹಿಡಿಸುವುದಿಲ್ಲ. 2023ರ ಫೆಬ್ರವರಿಯಲ್ಲಿ ನಿಲ್ದಾಣ ಉದ್ಘಾಟನೆಯಾಯಿತು, ಆಗಸ್ಟ್ 31ರಂದು ಇಂಡಿಗೋದ ಎಟಿಆರ್ ಎಂಬ ಚಿಕ್ಕ ವಿಮಾನ ಬೆಂಗಳೂರಿನಿಂದ ಬಂದಿಳಿಯಿತು. ಖುಷಿಯೇ. ಆದರೆ ಜನಶತಾಬ್ದಿ ರೈಲು ಐದು ಗಂಟೆಯೊಳಗೆ ಮುಟ್ಟಿಸುತ್ತದೆ. ಬೆಂಗಳೂರು ಮಾರ್ಗ ತನ್ನ ಕಾಲ ಮೇಲೆ ನಿಂತರೆ ನಿಲ್ಲಲಿ. ಸರ್ಕಾರದ ಹಣವನ್ನು ಹೈದರಾಬಾದ್, ಗೋವಾ, ತಿರುಪತಿ, ಚೆನ್ನೈ ಕಡೆಗೆ ಹಾಕುವುದು ಸರಿ. ಅಲ್ಲಿಗೆ ನೆಲದ ಮೇಲೆ ಹೋಗಲು ಶಿವಮೊಗ್ಗದವರಿಗೆ ಬೆಂಗಳೂರಿನಷ್ಟು ಸುಲಭದ ದಾರಿ ಇಲ್ಲ.

ಹುಬ್ಬಳ್ಳಿ, ಬೆಳಗಾವಿಗಳಲ್ಲಿ ಮಾರುಕಟ್ಟೆ ಆಗಲೇ ಇದೆ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಮೊದಲು ಹಾರಿದ್ದೇ ಬೆಂಗಳೂರು-ಹುಬ್ಬಳ್ಳಿ ನಡುವೆ, ಆಗ ಉಡಾನ್ ಎಲ್ಲಿತ್ತು? ಇಂಥ ಊರುಗಳಿಗೆ ತೆರಿಗೆ ಇಳಿಕೆ, ಹೊಸ ಮಾರ್ಗಕ್ಕೆ ಮೊದಲ ವರ್ಷದ ಶುಲ್ಕ ಮನ್ನಾ ಸಾಕು. ಬಳ್ಳಾರಿ ಬದಿಯ ವಿದ್ಯಾನಗರ ನಿಲ್ದಾಣದ ಹಿಂದೆ ಉಕ್ಕಿನ ಕಾರ್ಖಾನೆಯೇ ಇದೆ. ಅಲ್ಲಿ ಕಂಪನಿಯವರು ಸೀಟು ಕಟ್ಟಿಡುವ ಪದ್ಧತಿಗೆ ಜಾಗ ಇದೆ.

ಉಳಿದದ್ದು ಕಲಬುರಗಿ ಮತ್ತು ಬೀದರ್. ಕಲಬುರಗಿಗೆ 2024ರಿಂದ ವಂದೇ ಭಾರತ್ ಇದ್ದರೂ ಅದು ಹಗಲಿನ ಹೆಚ್ಚು ಭಾಗ ತಿನ್ನುತ್ತದೆ. ಇಲ್ಲಿ ಬೆಂಗಳೂರು ವಿಮಾನಕ್ಕೆ ನಿಜವಾದ ಕಾರಣ ಇದೆ. ನಾನು ಕೇಳುವುದಾದರೆ ಎರಡನ್ನು ಜೋಡಿಸಿ ಕೇಳುತ್ತೇನೆ: ಉಡಾನ್ ಸಿಗುವವರೆಗೆ ಉಡಾನ್, ಅದು ಮುಗಿಯುವ ಆರು ತಿಂಗಳ ಮೊದಲೇ ತಯಾರಾದ ಆದಾಯದ ಗ್ಯಾರಂಟಿ ನಿಧಿ. ನಿಧಿಗೆ ಒಂದು ಪಾಲು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ, ಒಂದು ಪಾಲು ಊರಿನ ವರ್ತಕರು, ಕಾಲೇಜು, ಆಸ್ಪತ್ರೆಗಳಿಂದ. ಬೀದರಿನವರು ಹೈದರಾಬಾದ್ ನಿಲ್ದಾಣಕ್ಕೆ ಮೂರು ಗಂಟೆಯಲ್ಲಿ ಕಾರಿನಲ್ಲಿ ಹೋಗಬಲ್ಲರು ಅನ್ನುವುದನ್ನು ಸೀಟಿನ ಲೆಕ್ಕ ಹಾಕುವಾಗ ಮರೆಯಬಾರದು. ದೆಹಲಿ, ಮುಂಬೈಗೆ ಹೋಗುವವರು ಅಲ್ಲಿಗೇ ಹೋಗುತ್ತಾರೆ. ಬೆಂಗಳೂರಿಗೇ ಬರುವವರನ್ನು ಮಾತ್ರ ಎಣಿಸಿ.

ಒಪ್ಪಂದದಲ್ಲಿ ಬರೆಸಬೇಕಾದ ಸಾಲುಗಳು

ರಾಜ್ಯದ ಹಣ ಬರುವುದಾದರೆ ಷರತ್ತು ಹಾಕುವ ಹಕ್ಕೂ ರಾಜ್ಯಕ್ಕಿದೆ. ಹೊತ್ತು ಮೊದಲು: ಊರಿಂದ ಬೆಳಿಗ್ಗೆ ಹೊರಡಬೇಕು, ಬೆಂಗಳೂರಿಂದ ಸಂಜೆ ಮರಳಬೇಕು. ಇದಕ್ಕೆ ವಿಮಾನ ರಾತ್ರಿ ನಿಮ್ಮೂರಲ್ಲೇ ತಂಗಬೇಕಾಗುತ್ತದೆ, ಸಿಬ್ಬಂದಿಗೆ ವಸತಿ ಬೇಕು, ರಾತ್ರಿ ಇಳಿಯಲು ದೀಪ ಬೇಕು. ಕಂಪನಿ ಇದನ್ನು ತಪ್ಪಿಸಿಕೊಳ್ಳಲು ನೋಡುತ್ತದೆ, ಬಿಡಬೇಡಿ. ಎರಡನೆಯದು, ರದ್ದಾದ ಹಾರಾಟಕ್ಕೆ ಹಣ ಇಲ್ಲ. ವಾರಕ್ಕೆ ಎರಡು ಸಲ ಕೈಕೊಡುವ ವಿಮಾನವನ್ನು ಜನ ತಿಂಗಳೊಳಗೆ ಮರೆತು ಮತ್ತೆ ಸ್ಲೀಪರ್ ಬಸ್ಸು ಹತ್ತುತ್ತಾರೆ. ಮೂರನೆಯದು, ಪ್ರತಿ ತಿಂಗಳು ಎಷ್ಟು ಸೀಟು, ಯಾವ ದರಕ್ಕೆ ಹೋಯಿತು ಅನ್ನುವ ಲೆಕ್ಕ ಸರ್ಕಾರಕ್ಕೆ ಬರಬೇಕು. ಗ್ಯಾರಂಟಿಗೆ ವರ್ಷದ ಮೇಲ್ಮಿತಿ ಇರಬೇಕು, ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಗಬೇಕು.

ಪತ್ರವನ್ನು ಕೇಂದ್ರದ ಮಂತ್ರಿಗೆ ಮಾತ್ರ ಕಳಿಸಿ ಕೂರಬೇಡಿ. ರಾಜ್ಯದಲ್ಲಿ ವಿಮಾನ ನಿಲ್ದಾಣಗಳ ವಿಷಯ ನೋಡುವುದು ಮೂಲಸೌಲಭ್ಯ ಅಭಿವೃದ್ಧಿ ಇಲಾಖೆ. ಒಂದು ಪ್ರತಿ ಅಲ್ಲಿಗೆ, ಇನ್ನೊಂದು ನೇರವಾಗಿ ವಿಮಾನ ಕಂಪನಿಯ ಮಾರ್ಗ ಯೋಜನೆ ವಿಭಾಗಕ್ಕೆ. ಸಾವಿರ ಸಹಿ ಲಗತ್ತಿಸುವ ಬದಲು, ವರ್ಷಕ್ಕೆ ಇಷ್ಟು ಟಿಕೆಟ್ ಕೊಳ್ಳುತ್ತೇವೆ ಅಂತ ಊರಿನ ಇಪ್ಪತ್ತು ಸಂಸ್ಥೆಗಳು ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟ ಪತ್ರ ಇಡಿ. ಅದಕ್ಕೆ ಸಂಘದ ಖಜಾಂಚಿ ಈ ತಿಂಗಳೇ ಊರಿಗೆ ಹೋಗಿ ಬರಬೇಕಾಗುತ್ತದೆ.